ನನ್ನ ವಯಸ್ಸಿನವರ ಕಾದಂಬರಿಗಳು

ಕೈಯಲ್ಲಿ ಇಂಗ್ಲಿಷ್ ಕಾದಂಬರಿ ಹಿಡಿದುಕೊಂಡು ಕಾರಿಡಾರಿನಲ್ಲಿ ನಡೆದರೆ ನಮ್ಮಲ್ಲಿ ಕೇಳುವುದು ಎರಡೇ ಪ್ರಶ್ನೆ. ಸಹಪಾಠಿಗಳದ್ದು, ‘ಇದು ಸಿಲಬಸ್‌ನಲ್ಲಿ ಇದೆಯಾ?’ ಹಿರಿಯರದ್ದು, ‘ಲವ್ ಸ್ಟೋರಿಯಾ?’ ಮೊದಲನೆಯದಕ್ಕೆ ಇಲ್ಲ ಎಂದರೆ ಮುಗಿಯಿತು. ಎರಡನೆಯದಕ್ಕೆ ಮೆಟ್ಟಿಲ ಮೇಲೆ ನಿಂತು ಉತ್ತರ ಹೇಳಿ ಮುಗಿಸಲು ಆಗುವುದಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಫಸ್ಟ್ ಪಿಯುಸಿ ಪರೀಕ್ಷೆ ಮುಗಿದ ರಜೆಯಿಂದ ಈಚೆಗೆ ನಾನು ಏಳು ಕಾದಂಬರಿ ಓದಿದ್ದೇನೆ. ಎಲ್ಲವೂ ‘ಯಂಗ್ ಅಡಲ್ಟ್’ ಎಂದು ಕರೆಯುವ ಬಗೆಯವು. ಅಂದರೆ ಮಕ್ಕಳಿಗೂ ಅಲ್ಲ, ದೊಡ್ಡವರಿಗೂ ಅಲ್ಲ, ನಡುವೆ ಇರುವ ನಮ್ಮಂಥವರಿಗಾಗಿ ಬರೆದವು. ಏಳೂ 2017ರಿಂದ 2022ರ ಒಳಗೆ ಬಂದವು, ಏಳರಲ್ಲೂ ಕತೆ ಮುಸ್ಲಿಂ ಹುಡುಗಿಯದು, ಏಳನ್ನೂ ಬರೆದವರು ಮುಸ್ಲಿಂ ಮಹಿಳೆಯರು. ಬೆಂಗಳೂರಿನಲ್ಲಿ ಓದುತ್ತಿರುವ ಆಪಾ ಊರಿಗೆ ಬಂದಾಗಲೆಲ್ಲ ಚರ್ಚ್ ಸ್ಟ್ರೀಟಿನ ಹಳೆ ಪುಸ್ತಕದ ಅಂಗಡಿಗಳಿಂದ ಒಂದೊಂದು ತಂದುಕೊಟ್ಟಳು. ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ ನನಗೆ ಮೊದಲ ಪುಸ್ತಕಕ್ಕೆ ಐದು ವಾರ ಹಿಡಿಯಿತು, ಏಳನೆಯದಕ್ಕೆ ನಾಲ್ಕು ದಿನ. ಇಂಗ್ಲಿಷ್ ಮೇಡಂ ಇದನ್ನು ಓದುತ್ತಿದ್ದರೆ ದಯವಿಟ್ಟು ಗಮನಿಸಬೇಕು.

ಇಂಥ ಪುಸ್ತಕಗಳಿಗೆ ದೊಡ್ಡ ಚರಿತ್ರೆಯೇನೂ ಇಲ್ಲ. 1967ರಲ್ಲಿ ಅಮೆರಿಕದಲ್ಲಿ ಬಂದ ‘ದಿ ಔಟ್‌ಸೈಡರ್ಸ್’ ಕಾದಂಬರಿಯಿಂದ ಇದು ಶುರುವಾಯಿತು ಎಂದು ಸಾಮಾನ್ಯವಾಗಿ ಹೇಳುತ್ತಾರೆ. ಅದನ್ನು ಬರೆಯುವಾಗ ಎಸ್. ಇ. ಹಿಂಟನ್ ಇನ್ನೂ ಹೈಸ್ಕೂಲು ಹುಡುಗಿ. ಕತೆ ಹುಡುಗರ ಗ್ಯಾಂಗುಗಳದ್ದು. ಹುಡುಗಿ ಬರೆದದ್ದೆಂದು ತಿಳಿದರೆ ವಿಮರ್ಶಕರು ತಾತ್ಸಾರ ಮಾಡಿಯಾರು ಎಂದು ಮುಖಪುಟದ ಮೇಲೆ ಬರೀ ಇನಿಷಿಯಲ್ ಹಾಕಿಸಿದರಂತೆ. ಮುಸ್ಲಿಂ ಮಕ್ಕಳ, ಹರೆಯದವರ ಕತೆಗಳಿಗೆಂದೇ ಸೈಮನ್ ಆ್ಯಂಡ್ ಶುಸ್ಟರ್ ಎಂಬ ದೊಡ್ಡ ಪ್ರಕಾಶನ ಸಂಸ್ಥೆ ‘ಸಲಾಮ್ ರೀಡ್ಸ್’ ಎಂಬ ಶಾಖೆ ತೆರೆದದ್ದು 2016ರಲ್ಲಿ. ಲೆಕ್ಕ ಹಾಕಿದರೆ ನಡುವೆ 49 ವರ್ಷ. ನಾವು ಆ ಶೆಲ್ಫಿಗೆ ತಡವಾಗಿ ಬಂದವರು.

ಪುಸ್ತಕ ತೂಗಲು ನನ್ನದೊಂದು ತಕ್ಕಡಿ ಇದೆ. ಕತೆಯಲ್ಲಿ ಯಾರಾದರೂ ವುಜೂ ಮಾಡಿದಾಗ, ಇನ್‌ಶಾ ಅಲ್ಲಾಹ್ ಅಂದಾಗ, ಲೇಖಕಿ ಕತೆ ನಿಲ್ಲಿಸಿ ಅದರ ಅರ್ಥ ವಿವರಿಸುತ್ತಾರೋ ಇಲ್ಲವೋ ಎಂದು ನೋಡುತ್ತೇನೆ. ವಿವರಿಸಿದರೆ ಅವರು ಮಾತಾಡುತ್ತಿರುವುದು ನನ್ನ ಜೊತೆ ಅಲ್ಲ, ನನ್ನ ಹಿಂದಿನ ಬೆಂಚಿನಲ್ಲಿ ಕೂತ ಇನ್ಯಾರ ಜೊತೆಗೋ. ಆ ಬೆಂಚಿನವರಿಗೂ ಕತೆ ತಿಳಿಯಬೇಡವೇ ಎಂದು ಆಪಾ ವಾದಿಸುತ್ತಾಳೆ. ತಿಳಿಯಲಿ. ನಮ್ಮ ಕ್ಲಾಸಿನ ಹಿಂದೂ ಗೆಳತಿಯರಿಗೆ ರಮ್ಜಾನಿನಲ್ಲಿ ಸೆಹ್ರಿ ಯಾವಾಗ, ಇಫ್ತಾರ್ ಯಾವಾಗ ಎಂದು ಯಾರೂ ಪಾಠ ಮಾಡಲಿಲ್ಲ. ಜೊತೆಗಿದ್ದು ಕಲಿತರು. ಈಗ ಖರ್ಜೂರದ ಡಬ್ಬಿ ಯಾರು ತಂದಿದ್ದಾರೆ ಎಂದು ಮೊದಲು ಕೇಳುವವರೇ ಅವರು. ಓದುಗರೂ ಹಾಗೆ ಕಲಿಯುತ್ತಾರೆ.

ಈ ತಕ್ಕಡಿಯಲ್ಲಿ ಹಗುರವಾದದ್ದು ನಾನು ಮೊದಲು ಓದಿದ ‘ಲವ್, ಹೇಟ್ ಆ್ಯಂಡ್ ಅದರ್ ಫಿಲ್ಟರ್ಸ್’. ಸಮೀರಾ ಅಹ್ಮದ್ ಮುಂಬೈಯಲ್ಲಿ ಹುಟ್ಟಿ ಅಮೆರಿಕದ ಇಲಿನಾಯ್ ರಾಜ್ಯದ ಬಟೇವಿಯಾ ಎಂಬ ಸಣ್ಣ ಊರಿನಲ್ಲಿ ಬೆಳೆದವರು. ಅವರ ನಾಯಕಿ ಮಾಯಾ ಅಜೀಜ್ ಇರುವುದೂ ಅಲ್ಲೇ. ಅಪ್ಪ ಅಮ್ಮ ಇಬ್ಬರೂ ಹಲ್ಲಿನ ಡಾಕ್ಟರು. ಮಾಯಾಗೆ ಸಿನಿಮಾ ಕಲಿಯಲು ನ್ಯೂಯಾರ್ಕಿಗೆ ಹೋಗಬೇಕೆಂಬ ಆಸೆ. ಕತೆ ತೆರೆದುಕೊಳ್ಳುವುದು ಒಂದು ಮದುವೆ ಮನೆಯಲ್ಲಿ. ಮಾಯಾ ಕ್ಯಾಮೆರಾ ಹಿಡಿದು ಓಡಾಡುತ್ತಾಳೆ, ಆಂಟಿಯರು ಅವಳನ್ನೇ ಅಳೆಯುತ್ತಾರೆ. ಅಲ್ಲಿವರೆಗೆ ಚೆನ್ನ, ಯಾಕೆಂದರೆ ಶಾದಿಮಹಲುಗಳಲ್ಲಿ ನಮಗೆಲ್ಲ ಅದೇ ಆಗುವುದು. ಆಮೇಲೆ ದೂರದ ಊರಿನಲ್ಲಿ ಬಾಂಬ್ ಸ್ಫೋಟವಾಗುತ್ತದೆ, ಶಂಕಿತನ ಹೆಸರೂ ಅಜೀಜ್ ಎಂದು ಟಿವಿಯಲ್ಲಿ ಬರುತ್ತದೆ. ಹೆಸರು ಒಂದೇ ಆದ ಕಾರಣಕ್ಕೆ ಈ ಮನೆಯ ಮೇಲೆ ದ್ವೇಷ ಸುರಿಯುತ್ತದೆ. ನಿಜವಾಗಿ ಮಾಡಿದವನು ಬೇರೆಯವನೇ ಎಂದು ಗೊತ್ತಾಗುವ ಹೊತ್ತಿಗೆ ಆಗಬೇಕಾದ ಕೆಡುಕು ಆಗಿರುತ್ತದೆ. ಬರೆದದ್ದು ಸುಳ್ಳಲ್ಲ. ಆದರೆ ಹುಡುಗಿಯೊಬ್ಬಳ ಕಾಲೇಜಿನ ಆಸೆ ಒಂದು ಕತೆಯಾಗಲು ಬಾಂಬ್ ಯಾಕೆ ಬೇಕು? ಮಗಳನ್ನು ದೂರದ ಊರಿಗೆ ಕಳಿಸಲು ಹೆದರುವ ಅಪ್ಪ ಅಮ್ಮ ಇದ್ದರೆ ಸಾಲದೇ? ಅಷ್ಟರಲ್ಲೇ ಎಷ್ಟು ಕತೆ ಇದೆ ಎಂದು ನಮ್ಮ ಕ್ಲಾಸಿನ ಯಾರನ್ನಾದರೂ ಕೇಳಿ.

ಅದೇ ಲೇಖಕಿಯ ‘ಇಂಟರ್ನ್‌ಮೆಂಟ್’ (2019) ಬೇರೆ ಬಗೆಯದು. ಅಮೆರಿಕದ ಸರ್ಕಾರ ಮುಸ್ಲಿಮರನ್ನೆಲ್ಲ ಹಿಡಿದು ಮರುಭೂಮಿಯ ಶಿಬಿರದಲ್ಲಿ ಕೂಡಿಹಾಕಿದರೆ ಏನಾಗುತ್ತದೆ ಎಂಬ ಕಲ್ಪನೆ. ಹದಿನೇಳರ ಲೈಲಾ ಅಮೀನ್ ಒಳಗಿನಿಂದಲೇ ಹೋರಾಟ ಕಟ್ಟುತ್ತಾಳೆ. ಶಿಬಿರದ ಡೈರೆಕ್ಟರ್ ಮಾತ್ರ ಹಳೆ ಸಿನಿಮಾದ ವಿಲನ್ ಹಾಗೆ ಬರೀ ಕೂಗಾಡುತ್ತಾನೆ, ಅವನಿಂದ ನನಗೆ ಹೆದರಿಕೆ ಆಗಲಿಲ್ಲ. ಹೆದರಿಕೆ ಆದದ್ದು ಕತೆಯ ಶಿಬಿರದ ಪಕ್ಕದಲ್ಲೇ ಇರುವ ಮಂಜನಾರ್ ಎಂಬ ಜಾಗ ಕಲ್ಪನೆಯದ್ದಲ್ಲ ಎಂದು ತಿಳಿದಾಗ. ಎರಡನೇ ಮಹಾಯುದ್ಧದಲ್ಲಿ, 1942ರ ಫೆಬ್ರವರಿಯಲ್ಲಿ ಅಧ್ಯಕ್ಷ ರೂಸ್‌ವೆಲ್ಟ್ ಹೊರಡಿಸಿದ ಒಂದು ಆದೇಶದ ನಂತರ, ಒಂದು ಲಕ್ಷಕ್ಕೂ ಹೆಚ್ಚು ಜಪಾನಿ ಮೂಲದವರನ್ನು ಮನೆಗಳಿಂದ ಎಬ್ಬಿಸಿ ಹತ್ತು ಶಿಬಿರಗಳಲ್ಲಿ ಇಟ್ಟರು. ಅವರಲ್ಲಿ ಬಹಳಷ್ಟು ಜನ ಅಮೆರಿಕದ ಪೌರರೇ. ಮಂಜನಾರ್ ಆ ಹತ್ತರಲ್ಲಿ ಒಂದು. ನಮ್ಮ ಇತಿಹಾಸದ ಪಠ್ಯದಲ್ಲಿ ಎರಡನೇ ಮಹಾಯುದ್ಧದ ಕಾರಣಗಳಿವೆ, ಪರಿಣಾಮಗಳಿವೆ. ಇದು ನನಗೆ ಸಿಕ್ಕಿದ್ದು ಕಾದಂಬರಿಯಲ್ಲಿ.

ಹಿಜಾಬಿನ ವಿಷಯಕ್ಕೆ ಬರುತ್ತೇನೆ, ಬರದೇ ಇರಲು ಆಗುವುದಿಲ್ಲ. ತಹೆರೆ ಮಾಫಿ ಬರೆದ ‘ಎ ವೆರಿ ಲಾರ್ಜ್ ಎಕ್ಸ್‌ಪ್ಯಾನ್ಸ್ ಆಫ್ ಸೀ’ (2018) ನಡೆಯುವುದು 2002ರಲ್ಲಿ, ನ್ಯೂಯಾರ್ಕಿನ ಅವಳಿ ಗೋಪುರಗಳು ಬಿದ್ದ ಮರುವರ್ಷ. ಶಿರಿನ್ ಇರಾನಿ ಮೂಲದವಳು, ಹದಿನಾರು ವರ್ಷ. ಮನೆಯವರು ಊರಿಂದ ಊರಿಗೆ ಹೋಗುತ್ತಲೇ ಇರುವುದರಿಂದ ಶಾಲೆಯಿಂದ ಶಾಲೆಗೆ ಅಲೆದವಳು. ಹಿಜಾಬ್ ಹಾಕುತ್ತಾಳೆ, ಅಣ್ಣ ಮತ್ತು ಅವನ ಗೆಳೆಯರ ಜೊತೆ ಬ್ರೇಕ್‌ಡ್ಯಾನ್ಸ್ ಕಲಿಯುತ್ತಾಳೆ, ಎಲ್ಲರ ಮೇಲೂ ಸಿಟ್ಟಾಗಿರುತ್ತಾಳೆ. ಆ ಸಿಟ್ಟು ನನಗೆ ಬಹಳ ಇಷ್ಟವಾಯಿತು. ಒಳ್ಳೆಯ ಹುಡುಗಿ ನಗುತ್ತಾ ಸಹಿಸಿಕೊಳ್ಳಬೇಕು ಎಂದು ನಮಗೆಲ್ಲ ಹೇಳಿಕೊಟ್ಟಿರುತ್ತಾರಲ್ಲ, ಶಿರಿನ್ ಸಹಿಸುವುದಿಲ್ಲ.

ಬಯಾಲಜಿ ಲ್ಯಾಬಿನಲ್ಲಿ ಜೊತೆಯಾಗುವ ಓಷನ್ ಎಂಬ ಹುಡುಗ ಮಾತ್ರ ನನಗೆ ಹಿಡಿಸಲಿಲ್ಲ. ಅವನು ಶಾಲೆಯ ಬ್ಯಾಸ್ಕೆಟ್‌ಬಾಲ್ ಹೀರೋ, ಅವನಿಗೆ ದೋಷವೇ ಇಲ್ಲ. ದೋಷವಿಲ್ಲದ ಹುಡುಗ ಯಾವ ಊರಿನಲ್ಲೂ ಇಲ್ಲ, ಇದ್ದಿದ್ದರೆ ನಮ್ಮ ಕಾಲೇಜಿನಲ್ಲೂ ಒಬ್ಬ ಇರುತ್ತಿದ್ದ. ಇನ್ನೊಂದು ತಕರಾರು, ಈ ಪುಸ್ತಕದಲ್ಲಿ ಹಿಜಾಬ್ ಬಂದಾಗಲೆಲ್ಲ ಯಾರೋ ಏನೋ ಅನ್ನುತ್ತಾರೆ, ಶಿರಿನ್ ಏನೋ ಅನುಭವಿಸುತ್ತಾಳೆ. ನನ್ನ ಹಿಜಾಬ್ ದಿನದ ಬಹುಪಾಲು ಹೊತ್ತು ಏನೂ ಮಾಡುವುದಿಲ್ಲ. ಅದರ ಪಿನ್ ಬಿದ್ದು ಕಳೆದುಹೋಗುತ್ತದೆ. ಮಳೆಗಾಲದಲ್ಲಿ ಒಣಗುವುದಿಲ್ಲ. ಇಸ್ತ್ರಿ ಮಾಡಲು ಕೂತಾಗಲೇ ಕರೆಂಟು ಹೋಗುತ್ತದೆ. ಇಷ್ಟನ್ನೂ ಯಾವ ಕಾದಂಬರಿಯಾದರೂ ಬರೆಯಲಿ ಎಂದು ಓದುವಾಗ ಅಂದುಕೊಂಡೆ.

ಆದರೆ ಶಿರಿನ್ ಅತಿ ಮಾಡುತ್ತಾಳೆ ಎಂದು ನಾನು ಹೇಳಲಾರೆ. 2022ರ ಫೆಬ್ರವರಿಯಲ್ಲಿ ನಾನು ಎಂಟನೇ ತರಗತಿಯಲ್ಲಿದ್ದೆ. ನಮ್ಮ ರಾಜ್ಯದ ಕಾಲೇಜುಗಳ ಗೇಟು ದಿನವೂ ಟಿವಿಯಲ್ಲಿ ಬರುತ್ತಿತ್ತು. ಮಾರ್ಚ್ 15ರಂದು ಹೈಕೋರ್ಟಿನ ತೀರ್ಪು ಬಂತು, ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಎರಡು ಬೇರೆ ತೀರ್ಪು ಕೊಟ್ಟರು. ಆ ವರ್ಷ ಬೇರೆ ಕಡೆಯಿಂದ ಟಿಸಿ ತೆಗೆದುಕೊಂಡು ನಮ್ಮ ಕಾಲೇಜಿಗೆ ಬಂದ ಅಕ್ಕಂದಿರು ಇದ್ದರೆಂದು ಇಲ್ಲಿಗೆ ಸೇರಿದ ಮೇಲೆ ಕೇಳಿದೆ. ಅವರಲ್ಲಿ ಒಬ್ಬರು ನಮ್ಮ ಬೀದಿಯವರೇ. ಈಗ ಬಿ.ಕಾಂ ಮುಗಿಸಿದ್ದಾರೆ. ಶಿರಿನ್ ಕತೆಯನ್ನು ನಾನು ಅವರಿಗೆ ಹೇಳಿದಾಗ ಅವರು ಕೇಳಿದ್ದು ಒಂದೇ, ‘ಅವಳು ಕೊನೆಗೆ ಓದು ಮುಂದುವರಿಸಿದಳಾ?’ ಓಷನ್ ಬಗ್ಗೆ ಕೇಳಲೇ ಇಲ್ಲ.

ಇನ್ನು ನಾನು ನಿಜವಾಗಿ ಹೇಳಬೇಕೆಂದಿರುವ ಪುಸ್ತಕ. ಎಸ್. ಕೆ. ಅಲಿ ಬರೆದ ‘ಸೇಂಟ್ಸ್ ಆ್ಯಂಡ್ ಮಿಸ್‌ಫಿಟ್ಸ್’. 2017ರಲ್ಲಿ ಮೇಲೆ ಹೇಳಿದ ಸಲಾಮ್ ರೀಡ್ಸ್‌ನಿಂದಲೇ ಬಂತು. ಲೇಖಕಿ ಕೆನಡಾದವರು. (ಇವರೂ ಇನಿಷಿಯಲ್‌ನವರೇ, ಆದರೆ ಒಳಗಿರುವುದು ಹುಡುಗಿಯ ಕತೆ ಎಂದು ಮುಚ್ಚಿಡುವ ಅಗತ್ಯ ಈಗ ಇಲ್ಲ.) ಜಾನ್ನಾ ಯೂಸುಫ್‌ಗೆ ಹದಿನೈದು ವರ್ಷ. ತಂದೆ ಈಜಿಪ್ಟ್ ಮೂಲದವರು, ತಾಯಿ ಭಾರತ ಮೂಲದವರು, ಇಬ್ಬರೂ ಬೇರೆಯಾಗಿದ್ದಾರೆ. ಮಸೀದಿಯ ಇಮಾಮರು ಅವಳ ಬಂಧು. ಜನ ಕೇಳಿದ ಪ್ರಶ್ನೆಗಳಿಗೆ ಅವರು ಕೊಡುವ ಉತ್ತರಗಳನ್ನು ತಿದ್ದುವ ಕೆಲಸ ಜಾನ್ನಾಳದ್ದು. ಕಟ್ಟಡದಲ್ಲಿ ಮಿಸ್ಟರ್ ರಾಮ್ ಎಂಬ ವಯಸ್ಸಾದ ಹಿಂದೂ ಅಜ್ಜ ಇದ್ದಾರೆ, ಅವರನ್ನು ಗಾಲಿಕುರ್ಚಿಯಲ್ಲಿ ಕರೆದುಕೊಂಡು ಹೋಗುವುದೂ ಅವಳೇ. ಇಬ್ಬರಿಗೂ ಪುಸ್ತಕದ ಹುಚ್ಚು. ಆ ಅಜ್ಜನ ಪುಟಗಳನ್ನು ನಾನು ಎರಡೆರಡು ಸಲ ಓದಿದೆ.

ಗೆಳತಿಯ ಮನೆಯಲ್ಲಿ, ಗೆಳತಿಯ ಸೋದರ ಸಂಬಂಧಿಯೊಬ್ಬ ಜಾನ್ನಾಳ ಮೇಲೆ ಕೈಹಾಕುತ್ತಾನೆ. ಅವಳು ಹೇಗೋ ತಪ್ಪಿಸಿಕೊಂಡು ಬರುತ್ತಾಳೆ. ಅವನ ಹೆಸರು ಫಾರೂಕ್. ಅವನು ಹಾಫಿಜ್. ಇಡೀ ಕುರ್‌ಆನ್ ಬಾಯಿಪಾಠ ಮಾಡಿದವನೆಂದು ಜಮಾಅತ್ತಿನವರೆಲ್ಲ ತಲೆ ಮೇಲೆ ಹೊತ್ತು ಮೆರೆಸುವ ಹುಡುಗ. ಜಾನ್ನಾ ಯಾರಿಗೂ ಹೇಳುವುದಿಲ್ಲ. ಹೇಳಿದರೆ ಯಾರು ನಂಬುತ್ತಾರೆ? ನಂಬಿದರೂ ಮನೆಯವರ ಮಾನ? ಕಾದಂಬರಿಯ ಹೆಚ್ಚಿನ ಭಾಗ ಈ ಹೇಳದೇ ಇರುವುದರದ್ದೇ. ಮಸೀದಿಯ ಕಾರ್ಯಕ್ರಮಗಳಲ್ಲಿ ಅವನು ಎದುರಾಗುತ್ತಲೇ ಇರುತ್ತಾನೆ, ದೊಡ್ಡವರು ಅವನನ್ನು ಹೊಗಳುತ್ತಲೇ ಇರುತ್ತಾರೆ, ಅವಳು ಕೋಣೆಯ ಆ ತುದಿಗೆ ಸರಿಯುತ್ತಲೇ ಇರುತ್ತಾಳೆ.

ಓದುವಾಗ ನನಗೆ ಎರಡು ಭಯ ಒಟ್ಟಿಗೆ ಬಂದವು. ಒಂದು ಜಾನ್ನಾಳ ಸಲುವಾಗಿ. ಇನ್ನೊಂದು, ಹೇಳಿಬಿಡುತ್ತೇನೆ, ಈ ಪುಸ್ತಕ ಬೇರೆಯವರ ಕೈಗೆ ಸಿಕ್ಕರೆ ನಮ್ಮ ಬಗ್ಗೆ ಏನು ಅಂದಾರು ಎಂಬ ಭಯ. ‘ಮೊದಲೇ ನಮ್ಮ ಮೇಲೆ ಎಲ್ಲರ ಕಣ್ಣು. ಮನೆಯ ಮಾತು ಮನೆಯಲ್ಲಿರಲಿ.’ ಈ ಮಾತನ್ನು ನಾನು ಮದುವೆ ಮನೆಗಳಲ್ಲಿ, ಮಯ್ಯತ್ ಮನೆಗಳಲ್ಲಿ, ನಮ್ಮ ಅಡುಗೆಮನೆಯಲ್ಲೂ ಕೇಳಿದ್ದೇನೆ. ಹೇಳುವವರು ಕೆಟ್ಟವರಲ್ಲ, ಅವರ ಹೆದರಿಕೆ ಸುಳ್ಳೂ ಅಲ್ಲ. ಆದರೆ ಆ ಮಾತಿನಿಂದ ಉಳಿಯುವುದು ಯಾರ ಮರ್ಯಾದೆ ಎಂದು ಜಾನ್ನಾಳ ಜೊತೆ ಮುನ್ನೂರು ಪುಟ ನಡೆದ ಮೇಲೆ ಲೆಕ್ಕ ಸಿಗುತ್ತದೆ. ಉಳಿಯುವುದು ಫಾರೂಕ್‌ನದು. ಕಲಿತ ಕಲಾಮನ್ನೇ ಹೊದ್ದುಕೊಂಡು ಅವನು ಅದರ ಹಿಂದೆ ಅಡಗಿದ್ದಾನೆ. ಜಾನ್ನಾ ಬಾಯಿ ಬಿಟ್ಟರೆ ಆ ಹೊದಿಕೆ ಅವನ ಮೈಮೇಲಿಂದ ಜಾರುತ್ತದೆ, ಕಲಾಮಿಗೆ ಏನೂ ಆಗುವುದಿಲ್ಲ.

ಕೊನೆಗೆ ಅವಳ ಬೆನ್ನಿಗೆ ನಿಲ್ಲುವವಳು ಸಾಸನ್ ಎಂಬ ಹುಡುಗಿ. ಅವಳು ನಿಕಾಬ್ ಹಾಕುವವಳು, ಗೆಳತಿಯರ ಜೊತೆ ಸೇರಿ ಯೂಟ್ಯೂಬ್‌ನಲ್ಲಿ ‘ನಿಕಾಬಿ ನಿಂಜಾಸ್’ ಎಂಬ ಕಾರ್ಯಕ್ರಮ ನಡೆಸುತ್ತಾಳೆ. ಮುಖ ಮುಚ್ಚಿಕೊಂಡವಳಿಗೇ ಇಡೀ ಕಾದಂಬರಿಯಲ್ಲಿ ಅತಿ ದೊಡ್ಡ ಬಾಯಿ. ಹೊರಗಿನವರಿಗೆ ಇದು ವಿಚಿತ್ರ ಅನಿಸೀತು, ನಮ್ಮ ಕಾಮರ್ಸ್ ಸೆಕ್ಷನ್ ನೋಡಿದವರಿಗೆ ಅನಿಸಲಿಕ್ಕಿಲ್ಲ. ಜಾನ್ನಾ ಹಿಜಾಬ್ ಬಿಡುವುದಿಲ್ಲ, ನಮಾಜು ಬಿಡುವುದಿಲ್ಲ, ಮಸೀದಿಯನ್ನೂ ಬಿಟ್ಟುಕೊಡುವುದಿಲ್ಲ. ಧರ್ಮದಿಂದ ಓಡಿಹೋದ ಮೇಲೆಯೇ ಹುಡುಗಿಗೆ ಬಿಡುಗಡೆ ಎಂದು ಮುಗಿಸುವ ಕತೆಗಳು ಇವೆ, ಅವು ಬೇಗ ಬಹುಮಾನ ಪಡೆಯುತ್ತವೆ ಎಂದು ನನ್ನ ಅನುಮಾನ. ಇದು ಆ ದಾರಿ ಹಿಡಿಯುವುದಿಲ್ಲ. ನಮ್ಮ ಲೈಬ್ರರಿಯಲ್ಲಿ ಈ ಪುಸ್ತಕ ಇಡಬಹುದೇ ಎಂದು ಯಾರಿಗಾದರೂ ಸಂಶಯವಿದ್ದರೆ, ಇದೊಂದನ್ನು ದಯವಿಟ್ಟು ಪೂರ್ತಿ ಓದಿ ನಿರ್ಧರಿಸಲಿ. ನಡುವಿನ ಒಂದು ಪುಟ ತೆರೆದು ನಿರ್ಧರಿಸುವುದು ಬೇಡ.

ಅವರದ್ದೇ ‘ಲವ್ ಫ್ರಮ್ ಎ ಟು ಝೀ’ (2019) ಹಿರಿಯರ ಆ ಎರಡನೇ ಪ್ರಶ್ನೆಗೆ ನೇರ ಉತ್ತರ. ಹೌದು, ಲವ್ ಸ್ಟೋರಿ. ಜೈನಬ್ ತನ್ನ ಧರ್ಮವನ್ನು ಕ್ಲಾಸಿನಲ್ಲೇ ಹಂಗಿಸುವ ಮೇಷ್ಟ್ರೊಬ್ಬರ ಜೊತೆ ಜಗಳವಾಗಿ ಶಾಲೆಯಿಂದ ಸಸ್ಪೆಂಡ್ ಆಗಿ, ದೋಹಾದಲ್ಲಿರುವ ಆಂಟಿಯ ಮನೆಗೆ ಹೊರಡುತ್ತಾಳೆ. ದಾರಿಯಲ್ಲಿ ಆ್ಯಡಮ್ ಸಿಗುತ್ತಾನೆ. ಅವನ ತಾಯಿಯನ್ನು ಬಲಿ ತೆಗೆದುಕೊಂಡ ನರರೋಗವೇ ಅವನಿಗೂ ಬಂದಿದೆ, ಮನೆಯಲ್ಲಿ ಇನ್ನೂ ಹೇಳಿಲ್ಲ. ಇಬ್ಬರೂ ನಮಾಜು ಮಾಡುವವರು, ಇಬ್ಬರೂ ತಮ್ಮ ಎಲ್ಲೆ ತಿಳಿದವರು. ಕೈ ಹಿಡಿಯದೆಯೂ ಮುನ್ನೂರು ಪುಟ ಎದೆ ಹೊಡೆದುಕೊಳ್ಳುವಂತೆ ಬರೆಯಬಹುದು ಎಂದು ನನಗೆ ಗೊತ್ತಿರಲಿಲ್ಲ. ಇಬ್ಬರೂ ಡೈರಿ ಬರೆಯುತ್ತಾರೆ. ಅದಕ್ಕೆ ಪ್ರೇರಣೆ ಹದಿಮೂರನೇ ಶತಮಾನದ ಅಲ್ ಕಜ್ವೀನಿ ಎಂಬ ವಿದ್ವಾಂಸರು ಸೃಷ್ಟಿಯ ಅದ್ಭುತಗಳನ್ನೂ ವಿಚಿತ್ರಗಳನ್ನೂ ಪಟ್ಟಿ ಮಾಡಿದ ಒಂದು ಗ್ರಂಥ. ಆ ಗ್ರಂಥ ಕಲ್ಪನೆಯದ್ದಲ್ಲ, ನಿಜವಾಗಿಯೂ ಇದೆ. ಜೈನಬ್ ಸಿಟ್ಟಿನ ಹುಡುಗಿ, ಶಿರಿನ್‌ಗಿಂತ ಜಾಸ್ತಿ ನಗಿಸುತ್ತಾಳೆ. ಆ್ಯಡಮ್ ಕೂಡ ತುಸು ಅತಿ ಒಳ್ಳೆಯವನು, ಆದರೆ ಕಾಯಿಲೆಯನ್ನು ಅಪ್ಪನಿಂದ ಬಚ್ಚಿಡುವಾಗ ಅವನು ನಮ್ಮಂಥವನೇ.

ನೀಟ್ ಬರೆಯುವವರಿಗೆ ‘ಆ್ಯಸ್ ಲಾಂಗ್ ಆ್ಯಸ್ ದ ಲೆಮನ್ ಟ್ರೀಸ್ ಗ್ರೋ’ (2022). ಜುಲ್ಫಾ ಕತೂಹ್ ಬರೆದದ್ದು. ಸಿರಿಯಾದ ಹೋಮ್ಸ್ ನಗರ, ಯುದ್ಧ. ಸಲಾಮಾ ಫಾರ್ಮಸಿ ಓದುತ್ತಿದ್ದ ಹುಡುಗಿ, ಓದಿದ್ದು ಒಂದೇ ವರ್ಷ. ಡಾಕ್ಟರುಗಳು ಸಾಲದೆ ಗಾಯಾಳುಗಳಿಗೆ ಹೊಲಿಗೆ ಹಾಕುವುದು ಅವಳ ಪಾಲಿಗೆ ಬರುತ್ತದೆ. ಭಯವೇ ಒಬ್ಬ ಮನುಷ್ಯನ ರೂಪದಲ್ಲಿ ಬಂದು ಅವಳ ಎದುರು ನಿಂತು ಮಾತಾಡುತ್ತದೆ. ಅವನ ಹೆಸರೂ ಖೌಫ್. ಲೇಖಕಿ ಆ ಪದವನ್ನು ವಿವರಿಸದಿದ್ದರೂ ನನಗೆ ಅರ್ಥವಾಗುತ್ತಿತ್ತು, ಉರ್ದುವಿನಲ್ಲೂ ಅದು ಅದೇ ಪದ. ಇದರಲ್ಲಿ ಸಲಾಮಾ ಹಿಜಾಬ್ ಹಾಕುತ್ತಾಳೆ, ಆ ಬಗ್ಗೆ ಯಾರೂ ಏನೂ ಅನ್ನುವುದಿಲ್ಲ, ಯಾರಿಗೂ ಅದಕ್ಕೆ ಪುರುಸೊತ್ತಿಲ್ಲ. ಕೊನೆಯಲ್ಲಿ ಒಂದು ತಿರುವು ಇದೆ. ಹೇಳುವುದಿಲ್ಲ. ರಾತ್ರಿ ಓದಬೇಡಿ ಅಷ್ಟೇ.

ಏಳರಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡದು ಅನಿಸಿದ್ದು ಸಬಾ ತಾಹಿರ್ ಅವರ ‘ಆಲ್ ಮೈ ರೇಜ್’. 2022ರಲ್ಲಿ ಅಮೆರಿಕದ ನ್ಯಾಷನಲ್ ಬುಕ್ ಅವಾರ್ಡ್ ಪಡೆಯಿತು, ಮರುವರ್ಷ ಪ್ರಿಂಟ್ಜ್ ಪ್ರಶಸ್ತಿ. ಪ್ರಶಸ್ತಿ ನೋಡಿ ಹೇಳುತ್ತಿಲ್ಲ, ಓದಿ ಮುಗಿಸುವವರೆಗೆ ನನಗೆ ಅದು ಗೊತ್ತಿರಲಿಲ್ಲ. ಕ್ಯಾಲಿಫೋರ್ನಿಯಾದ ಮರುಭೂಮಿಯಲ್ಲಿ ಜುನಿಪರ್ ಎಂಬ ಸಣ್ಣ ಊರು. ಲಾಹೋರಿನಿಂದ ಹೋದ ಮಿಸ್ಬಾಹ್ ಎಂಬ ತಾಯಿ ಅಲ್ಲಿ ಒಂದು ಮೋಟೆಲು ನಡೆಸುತ್ತಾಳೆ. ಅವಳ ಕಿಡ್ನಿ ಕೆಟ್ಟಿದೆ. ಗಂಡನಿಗೆ ಕುಡಿತ. ಮಗ ಸಲಾಹುದ್ದೀನ್ ಹೈಸ್ಕೂಲಿನ ಕೊನೆಯ ವರ್ಷದಲ್ಲಿದ್ದಾನೆ. ಪಾಕಿಸ್ತಾನದ ಭೂಕಂಪದಲ್ಲಿ ಮನೆಯವರನ್ನೆಲ್ಲ ಕಳೆದುಕೊಂಡು ಚಾಚಾನ ಜೊತೆ ಬಂದ ನೂರ್ ಅವನ ಬಾಲ್ಯದ ಗೆಳತಿ. ಚಾಚಾ ಅವಳನ್ನು ಅವಶೇಷದಿಂದ ಎತ್ತಿ ಬದುಕಿಸಿದವನು. ಅವಳಿಗೆ ಹೊಡೆಯುವವನೂ ಅವನೇ. ನೂರ್ ಡಾಕ್ಟರಾಗಬೇಕೆಂದು ಅವನಿಗೆ ಗೊತ್ತಾಗದಂತೆ ಕಾಲೇಜುಗಳಿಗೆ ಅರ್ಜಿ ಹಾಕುತ್ತಿರುತ್ತಾಳೆ. ಪ್ರಾಣ ಉಳಿಸಿದವನ ಋಣ ಎಷ್ಟು ಕಾಲ ತೀರಿಸಬೇಕು ಎಂಬ ಪ್ರಶ್ನೆಯನ್ನು ನಾನು ಯಾವ ಪುಸ್ತಕದಲ್ಲೂ ಹೀಗೆ ಓದಿರಲಿಲ್ಲ.

ಇದರಲ್ಲಿ ಬರುವ ಹುಡುಗ ಓಷನ್ ಅಲ್ಲ. ಸಲಾಹುದ್ದೀನ್ ತಪ್ಪು ಮಾಡುತ್ತಾನೆ, ದೊಡ್ಡ ತಪ್ಪು. ಅಮ್ಮ ತೀರಿಹೋದ ಮೇಲೆ ಅವಳ ಮೋಟೆಲು ಉಳಿಸಿಕೊಳ್ಳಲು ಮಾದಕ ವಸ್ತು ಮಾರಲು ಇಳಿಯುತ್ತಾನೆ, ಅದರ ಬೆಲೆಯನ್ನು ನೂರ್ ಕೂಡ ತೆರಬೇಕಾಗುತ್ತದೆ. ಯಾರಾದರೂ ಮುಟ್ಟಿದರೆ ಅವನಿಗೆ ಆಗದು. ಯಾಕೆ ಎಂದು ಅವನಿಗೇ ಗೊತ್ತಿಲ್ಲ. ಓದುಗರಿಗೆ ತಿಳಿಯುವಾಗ ಗಂಟಲು ಕಟ್ಟುತ್ತದೆ. ಹುಡುಗರು ಇಂಥ ಪುಸ್ತಕ ಓದುವುದಿಲ್ಲ ಎನ್ನುತ್ತಾರೆ. ನಮ್ಮ ಸೈನ್ಸ್ ಸೆಕ್ಷನ್ ಹುಡುಗರಲ್ಲಿ ಮೂವರಾದರೂ ಓದಲಿ ಎಂದು ನನ್ನ ಆಸೆ, ಯಾಕೆಂದರೆ ಉಳಿದ ಆರು ಪುಸ್ತಕಗಳಲ್ಲಿ ಮುಸ್ಲಿಂ ಹುಡುಗನೆಂದರೆ ಒಂದೋ ಫರಿಷ್ತೆ, ಇಲ್ಲವೋ ಸೈತಾನ. ಇಲ್ಲಿ ಅವನು ಮನುಷ್ಯ. ನೂರಳ ಕಷ್ಟಕ್ಕೆ ನಿಲ್ಲುವ ಇಮಾಮ್ ಶಫೀಕ್ ಮತ್ತು ಅವರ ಪತ್ನಿ ಖದೀಜಾ ಕೂಡ ಮನುಷ್ಯರೇ. ಭಾಷಣ ಮಾಡುವುದಿಲ್ಲ, ಊಟ ಹಾಕುತ್ತಾರೆ.

ಈ ಕತೆಯನ್ನು ನಾನು ಅಮ್ಮಿಗೆ ಐದಾರು ರಾತ್ರಿ ಹೇಳಿದೆ. ಅಮ್ಮಿಗೆ ಇಂಗ್ಲಿಷ್ ಓದಲು ಬರುವುದಿಲ್ಲ. ಹೊಲಿಗೆ ಮಿಷನ್ ತುಳಿಯುತ್ತಾ ಕೇಳಿದರು. ಮಗ ಜೈಲಿನ ಬಾಗಿಲಿಗೆ ಹೋಗುವ ಕಡೆ ಮಿಷನ್ ನಿಲ್ಲಿಸಿ, ‘ಆ ಅಪ್ಪ ಎಲ್ಲಿದ್ದ?’ ಎಂದು ಕೇಳಿದರು. ಆಮೇಲೆ ದಾರ ಕಡಿದು, ‘ನಮ್ಮ ಕಾಲದಲ್ಲಿ ಇಂಥ ಪುಸ್ತಕ ಇರಲಿಲ್ಲ’ ಅಂದರು.

ಆ ಮಾತು ನನ್ನ ತಲೆಯಲ್ಲಿ ಉಳಿದುಬಿಟ್ಟಿದೆ. ನಾನಿಗೆ ಹದಿನೈದಕ್ಕೆ ನಿಕಾಹ್, ಹದಿನೇಳಕ್ಕೆ ಬಡೇ ಮಾಮು ಹುಟ್ಟಿದರು. ಅಮ್ಮಿ ಎಸ್ಸೆಸ್ಸೆಲ್ಸಿ ಮುಗಿಸಿ ಎರಡು ವರ್ಷ ಮನೆಯಲ್ಲಿ ಕೂತು ಹೊಲಿಗೆ ಕಲಿತರು, ಆಮೇಲೆ ಮದುವೆ. ಅಮ್ಮಿ ಹೊಲಿಗೆ ಕಲಿತ ಆ ಎರಡು ವರ್ಷವೇ ಈಗ ನನ್ನ ಪಿಯುಸಿ. ಮಗುವೂ ಅಲ್ಲದ, ಹೆಂಡತಿಯೂ ಅಲ್ಲದ ಒಂದು ವಯಸ್ಸು ನಮ್ಮ ಮನೆಯ ಹುಡುಗಿಯರಿಗೆ ಸಿಕ್ಕಿದ್ದೇ ಆಪಾಳಿಂದ ಈಚೆಗೆ. ವಯಸ್ಸೇ ಇಲ್ಲದಿದ್ದರೆ ಆ ವಯಸ್ಸಿನವರ ಪುಸ್ತಕ ಎಲ್ಲಿಂದ ಬರಬೇಕು?

ಕನ್ನಡದ ಶೆಲ್ಫು ನೋಡಿದರೂ ಹಾಗೇ ಅನಿಸುತ್ತದೆ. ಸಾರಾ ಅಬೂಬಕ್ಕರ್ ಅವರ ‘ಚಂದ್ರಗಿರಿಯ ತೀರದಲ್ಲಿ’ 1981ರಲ್ಲಿ ಲಂಕೇಶ್ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂತು. ಅದರ ನಾದಿರಾಳಿಗೆ ಹುಡುಗಿಯಾಗಿರುವಾಗಲೇ ಮದುವೆ, ಮಗು, ಅಪ್ಪನ ಹಟಕ್ಕೆ ತಲಾಖ್. ಅವಳ ವಯಸ್ಸಿನ ಲೆಕ್ಕ ಹಿಡಿದರೆ ಅವಳು ನಮ್ಮ ಸೀನಿಯರ್ ಆಗಬಹುದಿತ್ತು. ಆದರೆ ಅದನ್ನು ಹರೆಯದವರ ಕಾದಂಬರಿ ಎಂದು ಯಾರೂ ಕರೆದಿಲ್ಲ, ಎಲ್ಲರೂ ಮಹಿಳೆಯ ಕಾದಂಬರಿ ಎನ್ನುತ್ತಾರೆ. ಆ ಕತೆಯ ಲೋಕದಲ್ಲಿ ನಾದಿರಾಗೆ ಹುಡುಗಿಯಾಗಿರಲು ಯಾರೂ ಸಮಯವನ್ನೇ ಕೊಡುವುದಿಲ್ಲ.

2025ರ ಮೇ ತಿಂಗಳಲ್ಲಿ ಹಾಸನದ ಬಾನು ಮುಷ್ತಾಕ್ ಅವರಿಗೆ ಅಂತಾರಾಷ್ಟ್ರೀಯ ಬೂಕರ್ ಬಂತು. ದೀಪಾ ಭಾಸ್ತಿ ಇಂಗ್ಲಿಷಿಗೆ ಅನುವಾದಿಸಿದ ‘ಹಾರ್ಟ್ ಲ್ಯಾಂಪ್’ ಕಥಾಸಂಕಲನಕ್ಕೆ, ಕನ್ನಡಕ್ಕೆ ಮೊದಲ ಸಲ. ಕಾಲೇಜು ತೆರೆದ ವಾರ ಅಸೆಂಬ್ಲಿಯಲ್ಲಿ ಚಪ್ಪಾಳೆ ಹೊಡೆದೆವು. ಆಮೇಲೆ ನಾನು ‘ಎದೆಯ ಹಣತೆ’ ಕತೆಯನ್ನು ಕನ್ನಡದಲ್ಲೇ ಓದಿದೆ. ಗಂಡ ಕೈಬಿಟ್ಟ, ತವರಿನವರೂ ನಿಲ್ಲದ ಮೆಹರುನ್ ಬೆಂಕಿ ಹಚ್ಚಿಕೊಳ್ಳಲು ಹೊರಡುತ್ತಾಳೆ. ಅವಳನ್ನು ಹಿಡಿದು ನಿಲ್ಲಿಸುವುದು ಹಿರಿಯ ಮಗಳು ಸಲ್ಮಾ. ಕತೆ ಮೆಹರುನ್‌ಳದು, ಹಾಗೇ ಇರಬೇಕು. ನನಗೆ ಮಾತ್ರ ಪುಸ್ತಕ ಮುಚ್ಚಿದ ಮೇಲೆ ಸಲ್ಮಾಳದ್ದೇ ಯೋಚನೆ. ಮಾರನೇ ದಿನ ಅವಳು ಶಾಲೆಗೆ ಹೋದಳೇ? ಪಕ್ಕ ಕೂತ ಗೆಳತಿಗೆ ಏನು ಹೇಳಿದಳು? ತಮ್ಮ ತಂಗಿಯರನ್ನು ಯಾರು ಎಬ್ಬಿಸಿ ಸ್ನಾನ ಮಾಡಿಸಿದರು? ಅಪ್ಪ ಮತ್ತೆ ಮನೆಗೆ ಬಂದಾಗ ಬಾಗಿಲು ತೆರೆದವಳು ಅವಳೇ ಇರಬೇಕು, ಆಗ ಅವಳ ಮುಖ ಹೇಗಿತ್ತು? ಆ ಪುಸ್ತಕ ಕನ್ನಡದಲ್ಲಿ ನನಗೆ ಬೇಕು. ಜುನಿಪರ್ ಅಲ್ಲ, ಬಟೇವಿಯಾ ಅಲ್ಲ, ಬಸ್ ಪಾಸ್ ಕೊರಳಿಗೆ ಹಾಕಿಕೊಂಡು ಏಳೂವರೆಯ ಬಸ್ಸಿಗೆ ಓಡುವ ಸಲ್ಮಾ. ಲೇಖಕಿ ವಿವರಣೆ ಕೊಡದೆ, ನನ್ನ ಕಣ್ಣಿಗೇ ಕಣ್ಣಿಟ್ಟು ಹೇಳುವ ಕತೆ.

ಅಲ್ಲಿವರೆಗೆ ಇರುವುದನ್ನು ಓದೋಣ. ಲೈಬ್ರರಿಯ ಬೇಡಿಕೆ ಪುಸ್ತಕದಲ್ಲಿ ಮೂರು ಹೆಸರು ಬರೆದಿದ್ದೇನೆ: ಸೇಂಟ್ಸ್, ಲೆಮನ್ ಟ್ರೀಸ್, ರೇಜ್. ನಿಮಗೂ ಬೇಕಿದ್ದರೆ ಅದರ ಕೆಳಗೆ ಸಹಿ ಹಾಕಿ, ಹೆಚ್ಚು ಸಹಿ ಇದ್ದರೆ ಬೇಗ ತರಿಸುತ್ತಾರಂತೆ. ನನ್ನ ‘ಆಲ್ ಮೈ ರೇಜ್’ ಪ್ರತಿ ಈಗ ಕಾಮರ್ಸಿನ ಗೆಳತಿಯೊಬ್ಬಳ ಬಳಿ ಇದೆ. ಅವಳ ನಂತರ ಎರಡು ಹೆಸರು ಆಗಲೇ ಇವೆ, ಅದರಲ್ಲಿ ಒಂದು ಹುಡುಗನದ್ದು.